ನೀಲಗುಂದ: ಒಂದು ಸಣ್ಣ ಊರಿನ ಪೂರ್ವೋತ್ತರ

ರಾಜಧಾನಿಗಳ ಚರಿತ್ರೆಯನ್ನು ಹೇಳುವವರಿಗೆ ನಮ್ಮಲ್ಲಿ ಎಂದೂ ಕೊರತೆಯಾಗಿಲ್ಲ. ಹಂಪೆ, ಬಾದಾಮಿ, ಕಲ್ಯಾಣ ಇವುಗಳ ವಿಷಯವಾಗಿ ಒಬ್ಬರಲ್ಲ ಒಬ್ಬ ವಿದ್ವಾಂಸರು ಮಾತನಾಡುತ್ತಲೇ ಇರುವರು; ಶ್ರೋತೃಗಳೂ ಆದರದಿಂದ ಕೇಳುತ್ತಲೇ ಇರುವರು. ಆದರೆ ಆ ರಾಜಧಾನಿಗಳಿಗೆ ಧಾನ್ಯವನ್ನೂ ತೆರಿಗೆಯನ್ನೂ ಕಳುಹಿಸುತ್ತಿದ್ದ ಸಣ್ಣ ಊರುಗಳಿಗೂ ಒಂದು ಚರಿತ್ರೆಯುಂಟೆಂಬುದು ನಮ್ಮ ನೆನಪಿಗೆ ಬರುವುದು ಅಪರೂಪ. ಈ ದಿನ ನಾವು ಅಂತಹ ಒಂದು ಊರನ್ನು ಆರಿಸಿಕೊಂಡಿದ್ದೇವೆ. ಅದರ ಹೆಸರು ನೀಲಗುಂದ. ಹರಪನಹಳ್ಳಿ ಪಟ್ಟಣಕ್ಕೆ ನೈರುತ್ಯದಲ್ಲಿ, ಕೆಲವೇ ಮೈಲಿಗಳ ದೂರದಲ್ಲಿ, ಹೊಲಗಳ ನಡುವೆ ಇರುವ ಹಳ್ಳಿ. ಅದರ ಹೆಸರಿನಿಂದ ಪ್ರಸಿದ್ಧವಾದ ಯುದ್ಧವಿಲ್ಲ, ಸಂಧಿಯಿಲ್ಲ. ಶಾಲೆಯ ಪಠ್ಯಪುಸ್ತಕಗಳಲ್ಲಿ ಅದಕ್ಕೊಂದು ಸಾಲೂ ಸಿಗುವುದು ಕಷ್ಟ.

ಮೊದಲು ಒಂದು ಸಣ್ಣ ಲೆಕ್ಕವನ್ನು ಮಾಡೋಣ. 1945ರಲ್ಲಿ ನೀಲಗುಂದದಲ್ಲಿ ಹುಟ್ಟಿ, ಊರನ್ನು ಒಂದು ದಿನವೂ ಬಿಟ್ಟು ಹೋಗದ ಒಬ್ಬ ರೈತನನ್ನು ಕಲ್ಪಿಸಿಕೊಳ್ಳಿರಿ. ಆತನು ಹುಟ್ಟಿದ್ದು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿ. 1953ನೆಯ ಅಕ್ಟೋಬರ್ 1ರಂದು, ಆಂಧ್ರ ರಾಜ್ಯವು ಬೇರೆಯಾದಾಗ, ಬಳ್ಳಾರಿ ಜಿಲ್ಲೆಯ ಕನ್ನಡ ತಾಲ್ಲೂಕುಗಳು ಮೈಸೂರಿಗೆ ಸೇರಿದುವು. ಎಂಟು ವರ್ಷದ ಆ ಹುಡುಗನು ಹಟ್ಟಿಯಿಂದ ಹೊರಗೆ ಕಾಲಿಡದೆಯೇ ಮೈಸೂರಿನ ಪ್ರಜೆಯಾದನು. 1973ರಲ್ಲಿ ಆ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಯಿತು. 1997ರಲ್ಲಿ ಹರಪನಹಳ್ಳಿ ತಾಲ್ಲೂಕು ಹೊಸದಾಗಿ ಏರ್ಪಟ್ಟ ದಾವಣಗೆರೆ ಜಿಲ್ಲೆಗೆ ಹೋಯಿತು. 2018ರಲ್ಲಿ ಮರಳಿ ಬಳ್ಳಾರಿಗೆ ಬಂದಿತು. 2021ರಲ್ಲಿ ಬಳ್ಳಾರಿಯೇ ಒಡೆದು ವಿಜಯನಗರ ಜಿಲ್ಲೆಯಾದಾಗ ಅದರೊಳಗೆ ಸೇರಿತು. ಎಪ್ಪತ್ತಾರು ವರ್ಷಗಳಲ್ಲಿ ಒಬ್ಬ ಮನುಷ್ಯನ ವಿಳಾಸದ ಕೆಳಗಿನ ಸಾಲುಗಳೆಲ್ಲ ಇಷ್ಟು ಬಾರಿ ಅಳಿಸಿ ಬರೆಯಲ್ಪಟ್ಟುವು. ಅಳಿಸದೆ ಉಳಿದ ಸಾಲು ಒಂದೇ: ಊರಿನ ಹೆಸರು.

ಆ ಹೆಸರಿಗಾದರೂ ಎಷ್ಟು ವಯಸ್ಸು? ಈ ಪ್ರಶ್ನೆಗೆ ನೀಲಗುಂದವು ಲೋಹದಲ್ಲಿ ಉತ್ತರವನ್ನು ಇಟ್ಟುಕೊಂಡಿತ್ತು. ಈ ಊರಿನಲ್ಲಿ ದೊರೆತ ತಾಮ್ರಶಾಸನವನ್ನು ಬಾರ್ನೆಟ್ ಎಂಬ ಆಂಗ್ಲ ವಿದ್ವಾಂಸರು ಪರಿಶೋಧಿಸಿ ಎಪಿಗ್ರಾಫಿಯಾ ಇಂಡಿಕಾದ ಹನ್ನೆರಡನೆಯ ಸಂಪುಟದಲ್ಲಿ, ಎಂದರೆ 1913-14ನೆಯ ಸಾಲಿನಲ್ಲಿ, ಪ್ರಕಟಿಸಿದರು. ಅದು ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಆರನೆಯ ವಿಕ್ರಮಾದಿತ್ಯನದು. ಈ ದೊರೆಯು ಶಕವರ್ಷವನ್ನು ಬದಿಗಿಟ್ಟು 1076ರಿಂದ ತನ್ನದೇ ಆದ ಚಾಲುಕ್ಯ ವಿಕ್ರಮ ವರ್ಷವನ್ನು ನಡೆಯಿಸಿದನೆಂಬುದು ಶ್ರೋತೃಗಳಿಗೆ ತಿಳಿದ ಸಂಗತಿ. ನೀಲಗುಂದದ ಶಾಸನದಲ್ಲಿ ಆ ಗಣನೆಯ ಎರಡು ವರ್ಷಗಳು ಕಾಣುತ್ತವೆ: ಹನ್ನೆರಡನೆಯದು ಮತ್ತು ನಾಲ್ವತ್ತೆಂಟನೆಯದು, ಎಂದರೆ 1087 ಮತ್ತು 1123. ಮೊದಲನೆಯ ಸಲ ಪಲತ ಪಾಂಡ್ಯನೆಂಬ ಸಾಮಂತನ ಬಿನ್ನಹದ ಮೇಲೆಯೂ ಎರಡನೆಯ ಸಲ ರಾಯ ಪಾಂಡ್ಯನ ಬಿನ್ನಹದ ಮೇಲೆಯೂ ಚಕ್ರವರ್ತಿಯು ದಾನಕ್ಕೆ ಅಪ್ಪಣೆಯನ್ನು ಕೊಟ್ಟನು. ದಾನವನ್ನು ಪಡೆದವರು ದ್ರಾವಿಡ ದೇಶದಿಂದ ಬಂದು ನೆಲಸಿದ ಬ್ರಾಹ್ಮಣರು. ದಾನವಾದ ಊರು ಕೋಗಳಿ ಐನೂರರಲ್ಲಿ ವಿಕ್ಕಿಗ ಎಪ್ಪತ್ತಕ್ಕೆ ಸೇರಿದ ನೀರುಗುಂದ.

ಇಲ್ಲಿ ಸ್ವಲ್ಪ ನಿಂತು ಈ ಅಂಕಿಗಳ ಮಾತನ್ನು ಬಿಡಿಸಿ ಹೇಳಬೇಕು. ಆ ಕಾಲದ ಆಡಳಿತದಲ್ಲಿ ನಾಡುಗಳ ಹೆಸರಿನ ಮುಂದೆ ಒಂದು ಸಂಖ್ಯೆಯನ್ನು ಸೇರಿಸುವ ವಾಡಿಕೆಯಿದ್ದಿತು. ಎಪ್ಪತ್ತು ಎಂಬುದು ಸಣ್ಣ ಗುಂಪು, ಐನೂರು ಅದಕ್ಕಿಂತ ದೊಡ್ಡದು. ಅದರ ಮೇಲೆ ನೊಳಂಬವಾಡಿ ಮೂವತ್ತೆರಡು ಸಾಸಿರದಂತಹ ಮಹಾ ಪ್ರಾಂತಗಳು. ಸಣ್ಣ ಸಂಖ್ಯೆಗಳು ಊರುಗಳ ಎಣಿಕೆಯೆಂಬುದನ್ನು ಬಹುಮಂದಿ ಒಪ್ಪುವರು. ದೊಡ್ಡ ಸಂಖ್ಯೆಗಳು ಊರುಗಳೋ, ಹುಟ್ಟುವಳಿಯ ಮೊತ್ತವೋ ಎಂಬ ವಿಷಯದಲ್ಲಿ ವಿದ್ವಾಂಸರು ಇನ್ನೂ ವಾದಿಸುತ್ತಲೇ ಇದ್ದಾರೆ. ಕೋಗಳಿ ಈಗ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಒಂದು ಕಾಲಕ್ಕೆ ಐನೂರಕ್ಕೆ ಹೆಸರು ಕೊಟ್ಟ ಊರು ಇಂದು ಯಾವ ತಾಲ್ಲೂಕಿಗೂ ಹೆಸರು ಕೊಟ್ಟಿಲ್ಲ. ಬಿನ್ನಹ ಮಾಡಿದ ಪಾಂಡ್ಯರು ಮಧುರೆಯ ಪಾಂಡ್ಯರಲ್ಲ. ಇದೇ ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದ ಮೇಲೆ ಕುಳಿತು, ಚಾಲುಕ್ಯರ ಅಧೀನದಲ್ಲಿ ನೊಳಂಬವಾಡಿಯನ್ನು ಆಳಿದವರು.

ತಾಮ್ರಶಾಸನವೊಂದನ್ನು ಮೊದಲ ಸಲ ಓದುವವರಿಗೆ ಬೇಸರ ಬರುವುದು ಸಹಜ. ಒಂದು ಹಳ್ಳಿಯನ್ನು ದಾನ ಮಾಡುವುದಕ್ಕೆ ಇಷ್ಟು ದೊಡ್ಡ ವಂಶಾವಳಿ ಏಕೆ? ಅಯೋಧ್ಯೆಯಲ್ಲಿ ಐವತ್ತೊಂಬತ್ತು ಮಂದಿ ಅರಸರು ಆಳಿದರೆಂಬಲ್ಲಿಂದ ಮೊದಲುಮಾಡಿ, ದಕ್ಷಿಣಾಪಥಕ್ಕೆ ಬಂದು, ಅಜ್ಜ ಮುತ್ತಜ್ಜರನ್ನೆಲ್ಲ ಹೊಗಳಿದ ಮೇಲೆ ಕಟ್ಟಕಡೆಗೆ ನೀರುಗುಂದದ ಹೆಸರು ಬರುವುದು. ಇದಕ್ಕೆ ಕಾರಣವನ್ನು ಧರ್ಮಶಾಸ್ತ್ರವೇ ಹೇಳಿದೆ. ಭೂದಾನ ಮಾಡುವ ದೊರೆಯು ಮುಂದೆ ಬರುವ ದೊರೆಗಳ ತಿಳಿವಳಿಕೆಗಾಗಿ ಬಟ್ಟೆಯ ಮೇಲಾಗಲಿ ತಾಮ್ರದ ಮೇಲಾಗಲಿ ಲೇಖ್ಯವನ್ನು ಮಾಡಿಸಬೇಕು. ಅದರಲ್ಲಿ ತನ್ನ ಹಿರಿಯರ ಹೆಸರು, ತನ್ನ ಹೆಸರು, ದಾನದ ಪ್ರಮಾಣ, ಕಾಲ, ಮುದ್ರೆ ಇವೆಲ್ಲವೂ ಇರಬೇಕು ಎಂದು ಯಾಜ್ಞವಲ್ಕ್ಯಸ್ಮೃತಿಯು ವಿಧಿಸುತ್ತದೆ. ಆ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಇದೇ ವಿಕ್ರಮಾದಿತ್ಯನ ಕಾಲದವನು. ಹಿಂದೂ ದಾಯಭಾಗದ ವಿಷಯದಲ್ಲಿ ಇಂಡಿಯಾ ದೇಶದ ಬಹುಭಾಗದ ನ್ಯಾಯಸ್ಥಾನಗಳು ಪ್ರಮಾಣವೆಂದು ಹಿಡಿದ ಗ್ರಂಥವು ಕಲ್ಯಾಣದಲ್ಲಿ ಹುಟ್ಟಿತು; ಅದೇ ಕಲ್ಯಾಣದ ದೊರೆಯ ಹೆಸರಿನಲ್ಲಿ ನೀರುಗುಂದದ ತಗಡುಗಳು ಹೊರಟುವು. ಇಂದಿನ ನೋಂದಣಿ ಕಚೇರಿಯ ಪತ್ರದಲ್ಲಿ ತಂದೆಯ ಹೆಸರು, ಆಸ್ತಿಯ ವಿವರ, ಸಹಿ, ಮೊಹರು ಇರುವಂತೆಯೇ ಅಂದಿನ ಪತ್ರದಲ್ಲಿಯೂ ಇವೆ. ಮುತ್ತಜ್ಜನು ಅಯೋಧ್ಯೆಯವನಾಗಿರಬೇಕೆಂಬ ಅಪೇಕ್ಷೆಯೊಂದೇ ಈಗ ಬಿಟ್ಟುಹೋಗಿರುವುದು.

ಈಗ ಹೆಸರಿನ ಅರ್ಥಕ್ಕೆ ಬರೋಣ. ನರಗುಂದ, ನವಲಗುಂದ, ಮುಳಗುಂದ, ತಾಳಗುಂದ: ಹೀಗೆ ಗುಂದದಿಂದ ಮುಗಿಯುವ ಊರುಗಳು ಕನ್ನಡನಾಡಿನಲ್ಲಿ ಅನೇಕ. ಕುಂದ, ಗುಂದ ಎಂಬುದಕ್ಕೆ ಗುಡ್ಡ, ದಿಣ್ಣೆ ಎಂಬ ಅರ್ಥವನ್ನು ಬಲ್ಲವರು ಹೇಳುವರು. ನೀರುಗುಂದವೆಂದರೆ ನೀರಿನ ಸಮೀಪದ ದಿಣ್ಣೆಯೆಂದು ಹೇಳಬಹುದು. ಮಳೆಯನ್ನೇ ನಂಬಿದ ಈ ಬಯಲಿನಲ್ಲಿ ನೀರಿನ ಗುರುತಿನಿಂದ ಊರಿಗೆ ಹೆಸರಿಡುವುದಕ್ಕಿಂತ ಸ್ವಾಭಾವಿಕವಾದುದು ಯಾವುದು? ಕಾಲಕ್ರಮದಲ್ಲಿ ನಾಲಗೆಗೆ ರಕಾರವು ಜಾರಿ ಲಕಾರವಾಯಿತು, ನೀರು ನೀಲವಾಯಿತು. ಒಮ್ಮೆ ನೀಲವೆಂದಾದ ಮೇಲೆ, ನೀಲಿಯ ಬಣ್ಣವನ್ನೋ ನೀಲಕಂಠನನ್ನೋ ತಂದು ಹೊಸ ಕಥೆಯನ್ನು ಕಟ್ಟಿಕೊಳ್ಳಲು ಯಾರಿಗೂ ತಡೆಯಿಲ್ಲ. ಇಂತಹ ಕಥೆಗಳನ್ನು ನಾವು ಹಳಿಯುವುದಿಲ್ಲ. ತಗಡುಗಳು ದೊರೆಯದಿದ್ದರೆ ನಾವೂ ಅವನ್ನೇ ನಂಬುತ್ತಿದ್ದೆವು.

ಪುಸ್ತಕಗಳನ್ನು ಓದುವ ಶ್ರೋತೃಗಳಿಗೆ ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳುವುದು ಅವಶ್ಯಕ. ಇತಿಹಾಸದ ಗ್ರಂಥಗಳಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ 866ನೆಯ ಇಸವಿಯ ನೀಲಗುಂದ ಶಾಸನವೆಂದೂ, ಚಾಲುಕ್ಯ ತೈಲಪನ 982ನೆಯ ಇಸವಿಯ ನೀಲಗುಂದ ಶಾಸನವೆಂದೂ ಉಲ್ಲೇಖಗಳು ಮೇಲಿಂದ ಮೇಲೆ ಬರುವುವು. ಅವು ನಮ್ಮ ನೀಲಗುಂದದವಲ್ಲ. ಗದಗಿನ ಸೀಮೆಯ, ಮುಳಗುಂದದ ಹತ್ತಿರದ ನೀಲಗುಂದದವು. ಹೊಸದುರ್ಗದ ಕಡೆಯ ನೀರ್ಗುಂದವು ಇನ್ನೊಂದು. ಗಂಗರ ಕಾಲದಲ್ಲಿ ಅದು ನೀರ್ಗುಂದ ಮುನ್ನೂರೆಂಬ ನಾಡಿಗೆ ಮುಖ್ಯ ಸ್ಥಳವಾಗಿದ್ದಿತು. ಒಂದೇ ಹೆಸರಿನ ಊರುಗಳು ಪರಸ್ಪರರ ಕೀರ್ತಿಯನ್ನು ಕಡ ತೆಗೆದುಕೊಳ್ಳುವುದುಂಟು. ನಮ್ಮ ಊರಿಗೆ ಆ ಕಡದ ಅಗತ್ಯವಿಲ್ಲ.

ಏಕೆಂದರೆ ಅದಕ್ಕೆ ತನ್ನದೇ ಆದ ಭೀಮೇಶ್ವರ ದೇವಾಲಯವಿದೆ. ತುಂಗಭದ್ರೆಯ ಈ ದಡದಲ್ಲಿ ಹತ್ತರಿಂದ ಹನ್ನೆರಡನೆಯ ಶತಮಾನದವರೆಗೆ ಎದ್ದ ಗುಡಿಗಳ ಸಾಲನ್ನು ಕಂಡವರು ಮರೆಯಲಾರರು: ಬಾಗಳಿಯ ಕಲ್ಲೇಶ್ವರ, ಕುರುವತ್ತಿಯ ಮಲ್ಲಿಕಾರ್ಜುನ, ಹೂವಿನಹಡಗಲಿಯ ಕಲ್ಲೇಶ್ವರ ಮತ್ತು ಕೇಶವ. ಈ ಕೊನೆಯದನ್ನು 1090ರಲ್ಲಿ ರವಿದೇವ ದಂಡನಾಯಕನ ಹೆಂಡತಿ ರೆಬ್ಬಲದೇವಿಯು ಕಟ್ಟಿಸಿದಳೆಂದು ಶಾಸನವಿದೆ. ನೀಲಗುಂದದ ಗುಡಿಯೂ ಈ ಮನೆತನದ್ದೇ. ಒಂದೇ ಗರ್ಭಗೃಹದ, ಗಾತ್ರದಲ್ಲಿ ಸಣ್ಣದಾದ, ಹನ್ನೆರಡನೆಯ ಶತಮಾನದ ಗುಡಿ. ಮದರಾಸು ಸರ್ಕಾರದ ಪ್ರಾಚ್ಯವಸ್ತು ಶಾಖೆಯ ಅಲೆಕ್ಸಾಂಡರ್ ರೀ ಎಂಬವರು ಬಳ್ಳಾರಿ ಜಿಲ್ಲೆಯ ಚಾಲುಕ್ಯ ಗುಡಿಗಳನ್ನು ಅಳೆದು ಚಿತ್ರಗಳೊಡನೆ 1896ರಲ್ಲಿ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದಾಗ ನೀಲಗುಂದವೂ ಅದರಲ್ಲಿ ಸ್ಥಾನವನ್ನು ಪಡೆಯಿತು. ಈಗ ಅದು ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕ.

ಈ ಗುಡಿಗಳ ಸೂಕ್ಷ್ಮವಾದ ಕೆಲಸದ ರಹಸ್ಯವು ಕಲ್ಲಿನಲ್ಲಿದೆ. ಬಾದಾಮಿ, ಪಟ್ಟದಕಲ್ಲುಗಳಲ್ಲಿ ಹಿಂದಿನ ಚಾಲುಕ್ಯರು ಮರಳುಗಲ್ಲನ್ನು ಬಳಸಿದ್ದರು. ಅದು ಒರಟು, ದೊಡ್ಡ ದಿಮ್ಮಿಗಳಿಗೆ ಒಪ್ಪುವುದು, ಕೂದಲೆಳೆಯ ಕೆಲಸಕ್ಕೆ ಒಪ್ಪದು. ಕಲ್ಯಾಣದ ಚಾಲುಕ್ಯರ ಕಾಲದ ಓಜರು ಹಸುರು ಛಾಯೆಯ ಬಳಪದ ಕಲ್ಲನ್ನು ಆರಿಸಿಕೊಂಡರು. ಗಣಿಯಿಂದ ತೆಗೆದಾಗ ಅದು ಮೆತ್ತಗೆ, ಉಳಿಗೆ ಮರದಂತೆ ಒದಗುವುದು; ಗಾಳಿಗೆ ಒಡ್ಡಿದಂತೆಲ್ಲ ಗಟ್ಟಿಯಾಗುವುದು. ಕಂಬಗಳನ್ನು ಚರಕಿಗೆ ಹಾಕಿ ಬಳೆಬಳೆಯಾಗಿ ಕಡೆಯಬಹುದಾದುದೂ, ಗೋಡೆಯ ಮೇಲೆ ಬೆರಳುದ್ದದ ಶಿಖರಗಳನ್ನು ಪೂರ್ಣವಾಗಿ ಕೊರೆಯಬಹುದಾದುದೂ ಇದರಿಂದಲೇ. ಬೇಲೂರು ಹಳೇಬೀಡುಗಳನ್ನು ನೋಡಿ ಬೆರಗಾಗುವ ನಮ್ಮ ನಗರವಾಸಿಗಳಿಗೆ ಒಂದು ಮಾತು: ಹೊಯ್ಸಳರ ಓಜರ ಕೈಗೆ ಆ ಕಲ್ಲೂ ಆ ಕುಸುರಿಯೂ ಬಂದದ್ದು ಈ ದಾರಿಯಿಂದ. ಮಗಳ ಮನೆಯ ವೈಭವವನ್ನು ಕಂಡವರು ಒಮ್ಮೆ ತಾಯಿಯ ಮನೆಗೂ ಬಂದು ಹೋಗಬೇಕು.

ದಾನವಾದ ಊರಿನಲ್ಲಿ ಬದುಕು ಹೇಗಿದ್ದಿರಬಹುದು? ಅಗ್ರಹಾರವೆಂದರೆ ಬರಿಯ ಬ್ರಾಹ್ಮಣರ ಕೇರಿಯೆಂದು ತಿಳಿಯುವುದು ತಪ್ಪು. ಮಹಾಜನರು ವೃತ್ತಿಗಳನ್ನು ಹಂಚಿಕೊಂಡು ಊರಿನ ಕಾರ್ಯವನ್ನು ನಡೆಯಿಸುತ್ತಿದ್ದರು. ನೇಗಿಲು ಹಿಡಿದವರು ಬೇರೆಯವರೇ. ಗೌಡ, ಗಾಣಿಗ, ಕಮ್ಮಾರ, ಬಡಗಿ, ಕುಂಬಾರ, ತಳವಾರ ಇವರಿಲ್ಲದೆ ಊರು ನಡೆಯದು. ಇವರ ಹೆಸರುಗಳು ಪಲತ ಪಾಂಡ್ಯನ ಬಿನ್ನಹದಲ್ಲಿ ಇಲ್ಲ. ಊರನ್ನು ದಾನ ಕೊಟ್ಟಾಗ ದೊರೆಯು ಕೊಟ್ಟದ್ದು ತನಗೆ ಬರುತ್ತಿದ್ದ ಆದಾಯವನ್ನು. ಆ ಆದಾಯವನ್ನು ನೆಲದಿಂದ ತೆಗೆದವರು ಮೊದಲು ಯಾರಿದ್ದರೋ ಅವರೇ ಮುಂದೆಯೂ ಇದ್ದರು. ದೇಶಚರಿತ್ರೆಯಲ್ಲಿ ಊರಿನ ಒಡೆಯರು ಬದಲಾದರೆಂಬ ವಾಕ್ಯ ಬಂದಾಗಲೆಲ್ಲ ನಾವು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಹೊಯ್ಸಳರು, ಸೇವುಣರು, ವಿಜಯನಗರದವರು ಬಂದು ಹೋದದ್ದನ್ನು ನಾವು ಬೇಗನೆ ದಾಟುತ್ತೇವೆ. ವಿಜಯನಗರವು ಕುಸಿದ ಮೇಲೆ ಈ ಸೀಮೆಯು ಹರಪನಹಳ್ಳಿಯ ಪಾಳೆಯಗಾರರಿಗೆ ಸೇರಿತು. ಚಿತ್ರದುರ್ಗದವರೊಡನೆ ಅವರ ಕಲಹಗಳು ಬಹುಕಾಲ ನಡೆದುವು. 1748ರ ಮಾಯಕೊಂಡದ ಕಾಳಗದಲ್ಲಿ ದುರ್ಗದ ಮದಕರಿನಾಯಕನೇ ಬಿದ್ದನು. ಮುಂದೆ ಮೈಸೂರಿನ ಸುಲ್ತಾನರ ಪ್ರಭಾವ. 1800ರಲ್ಲಿ ಹೈದರಾಬಾದಿನ ನಿಜಾಮನು ಈ ಪ್ರದೇಶಗಳನ್ನು ಇಂಗ್ಲಿಷ್ ಕಂಪನಿಗೆ ಬಿಟ್ಟುಕೊಟ್ಟನು. ದತ್ತಮಂಡಲವೆಂಬ ಹೆಸರು ಬಂದದ್ದು ಹೀಗೆ. ಥಾಮಸ್ ಮನ್ರೋ ಎಂಬ ಕಲೆಕ್ಟರನು 1807ರ ತನಕ ಇಲ್ಲಿದ್ದು, ಮಧ್ಯವರ್ತಿಯಿಲ್ಲದೆ ಒಬ್ಬೊಬ್ಬ ರೈತನೊಡನೆಯೇ ಕಂದಾಯವನ್ನು ಗೊತ್ತುಮಾಡುವ ರೈತವಾರಿ ಪದ್ಧತಿಯನ್ನು ಹರಡಿದನು. ಅದಕ್ಕಾಗಿ ಹೊಲಗಳನ್ನು ಒಂದೊಂದಾಗಿ ಅಳೆಯಬೇಕಾಯಿತು, ಅಂಕಿಗಳನ್ನು ಕೊಡಬೇಕಾಯಿತು. ಇದೇ ಕಾಲದಲ್ಲಿ ಕರ್ನಲ್ ಮೆಕೆಂಜಿಯ ಜನರು ಊರೂರಿಗೆ ಹೋಗಿ ಶಾನುಭೋಗರಿಂದ ಸ್ಥಳಪುರಾಣಗಳನ್ನು ಬರೆಯಿಸಿಕೊಂಡರು. ಕನ್ನಡದ ಅಂತಹ ಕೈಫಿಯತ್ತುಗಳನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ 1994ರಲ್ಲಿ ಹಂಪೆಯ ಕನ್ನಡ ವಿಶ್ವವಿದ್ಯಾಲಯದ ಮೂಲಕ ಪ್ರಕಟಿಸಿದ್ದಾರೆ.

ಅಂಕಿಗಳು ಬಂದುವು, ಮಳೆ ಮಾತ್ರ ಅಂಕಿಗೆ ಸಿಗಲಿಲ್ಲ. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಬಳ್ಳಾರಿ ಜಿಲ್ಲೆಯು ಪಟ್ಟ ಪಾಡು ಮದರಾಸು ಪ್ರಾಂತದಲ್ಲಿಯೇ ಅತಿ ಘೋರವಾದವುಗಳಲ್ಲೊಂದು. 1871ರ ಖಾನೇಷುಮಾರಿಗೂ 1881ರದಕ್ಕೂ ನಡುವೆ ಆ ಜಿಲ್ಲೆಯ ಜನಸಂಖ್ಯೆಯಲ್ಲಿ ಸುಮಾರು ಐದರಲ್ಲೊಂದು ಪಾಲು ಇಲ್ಲದೆ ಹೋಯಿತು. ಸತ್ತವರೆಷ್ಟು, ಗುಳೆ ಹೋದವರೆಷ್ಟು ಎಂಬುದನ್ನು ಆ ಲೆಕ್ಕವು ಬೇರ್ಪಡಿಸಿ ಹೇಳುವುದಿಲ್ಲ.

ಈ ಮಾತು ನಮ್ಮನ್ನು ದೂರದ ಒಂದು ದ್ವೀಪಕ್ಕೆ ಕೊಂಡೊಯ್ಯುತ್ತದೆ. ಊರಿನ ಹೆಸರು, ಊರಿನ ಎಲ್ಲೆ ಇವುಗಳ ವಿಷಯದಲ್ಲಿ ಐರ್ಲೆಂಡಿನವರಷ್ಟು ಚಿಂತಿಸಿದ ಜನರು ಕಡಮೆ. ಅಲ್ಲಿ ಟೌನ್‌ಲ್ಯಾಂಡ್ ಎಂಬ ಭೂಭಾಗವುಂಟು. ಹೆಸರನ್ನು ಕೇಳಿ ಪಟ್ಟಣವೆಂದು ಭ್ರಮಿಸಬಾರದು; ನಾಲ್ಕಾರು ಮನೆ, ಕೆಲವು ಹೊಲ, ಒಂದು ಜೌಗು ಇಷ್ಟೇ ಇರಬಹುದು, ಮನೆಯೇ ಇಲ್ಲದೆಯೂ ಇರಬಹುದು. ಇಂತಹವು ಆ ದೇಶದಲ್ಲಿ ಅರುವತ್ತು ಸಾವಿರಕ್ಕೂ ಹೆಚ್ಚು. 1824ರಲ್ಲಿ ಬ್ರಿಟಿಷ್ ಸರ್ಕಾರವು ಅವನ್ನೆಲ್ಲ ಅಳೆದು ನಕಾಶೆ ಮಾಡಲು ತೊಡಗಿತು. ಐರಿಷ್ ಹೆಸರುಗಳನ್ನು ಇಂಗ್ಲಿಷ್ ಲಿಪಿಗೆ ಇಳಿಸುವ ಕಾರ್ಯಕ್ಕೆ ಜಾನ್ ಓಡೊನೊವನ್ ಎಂಬ ವಿದ್ವಾಂಸರನ್ನು ನೇಮಿಸಿದರು. ಅವರು ಊರೂರು ತಿರುಗಿ ಮುದುಕರ ಬಾಯಿಂದ ಹೆಸರುಗಳನ್ನು ಕೇಳಿ ಬರೆದುಕೊಂಡರು. ನಕಾಶೆಯು ಮುಗಿಯುವ ಹೊತ್ತಿಗೆ ಆಲೂಗಡ್ಡೆಯ ಬೆಳೆಗೆ ರೋಗ ಬಿದ್ದು 1845ರ ಕ್ಷಾಮವು ಮೊದಲಾಯಿತು. 1841ರಲ್ಲಿ ಎಂಬತ್ತು ಲಕ್ಷಕ್ಕೆ ಮಿಕ್ಕಿದ್ದ ಜನಸಂಖ್ಯೆಯು 1851ಕ್ಕೆ ಅರುವತ್ತೈದು ಲಕ್ಷದಷ್ಟಾಯಿತು. ಹೆಸರುಗಳು ಕಾಗದದ ಮೇಲೆ ಉಳಿದುವು. ಅವನ್ನು ಹೇಳಿಕೊಟ್ಟ ಬಾಯಿಗಳಲ್ಲಿ ಎಷ್ಟೋ ಮುಚ್ಚಿಹೋದುವು.

ಇನ್ನೂ ಒಂದು ಸಂಗತಿ. 1970ರ ದಶಕದಲ್ಲಿ ಉತ್ತರ ಐರ್ಲೆಂಡಿನ ಹಳ್ಳಿಗಾಡಿನಲ್ಲಿ ರಸ್ತೆಯ ಹೆಸರು, ಮನೆಯ ಸಂಖ್ಯೆ ಇವುಗಳಿಂದಲೇ ಅಂಚೆಯ ವಿಳಾಸವನ್ನು ಬರೆಯುವ ಕ್ರಮವು ಬಂದಿತು. ಟೌನ್‌ಲ್ಯಾಂಡಿನ ಹೆಸರು ವಿಳಾಸಕ್ಕೆ ಬೇಡವಾಯಿತು. ಇತರ ವಿಷಯಗಳಲ್ಲಿ ಒಬ್ಬರ ಮುಖವನ್ನು ಒಬ್ಬರು ನೋಡದ ಎರಡು ಮತದ ಜನರೂ ಈ ಒಂದು ವಿಷಯದಲ್ಲಿ ಒಟ್ಟಿಗೆ ದೂರಿಕೊಂಡರು. ಫರ್ಮನಾ ಎಂಬ ಜಿಲ್ಲೆಯವರು ಹಟ ಹಿಡಿದು ಹಳೆಯ ಹೆಸರುಗಳನ್ನೇ ಉಳಿಸಿಕೊಂಡರು.

ನಮ್ಮಲ್ಲಿ ಊರಿನ ಹೆಸರಿಗೆ ಅಂತಹ ಅಪಾಯವೇನೂ ಬಂದಿಲ್ಲ. ಬಂದಿರುವುದು ಊರಿನ ಒಳಗಣ ಹೆಸರುಗಳಿಗೆ. ಈ ಸೀಮೆಯಲ್ಲಿ ಪ್ರತಿಯೊಂದು ಹೊಲಕ್ಕೂ ಒಂದು ಹೆಸರಿರುವುದು ವಾಡಿಕೆ: ಹುಣಿಸೆಮರದ ಹೊಲ, ಹಳ್ಳದ ಹೊಲ, ಗುಡಿಯ ಹಿಂದಿನ ಹೊಲ, ಯಾವಳೋ ಅವ್ವನಿಗೆ ತವರಿನವರು ಕೊಟ್ಟ ಉಡುಗೊರೆಯ ಹೊಲ. ಎರೆ ಎಂದರೆ ಕಪ್ಪು ನೆಲ, ಹತ್ತಿಗೂ ಹಿಂಗಾರಿ ಜೋಳಕ್ಕೂ ಒಗ್ಗಿದ್ದು. ಮಸಾರಿ ಎಂದರೆ ಕೆಂಪು ನೆಲ, ಮುಂಗಾರಿನ ಸಜ್ಜೆ ನವಣೆಗಳಿಗೂ ಶೇಂಗಾಕ್ಕೂ ಸರಿಯಾದದ್ದು. ಹೊಲದ ಹೆಸರನ್ನು ಕೇಳಿದರೆ ಮಣ್ಣು ಯಾವುದು, ನೀರು ಎಲ್ಲಿ ನಿಲ್ಲುವುದು, ಪೂರ್ವದಲ್ಲಿ ಯಾರದಾಗಿತ್ತು ಎಂಬುದೆಲ್ಲ ತಿಳಿಯುತ್ತಿದ್ದಿತು. ಹಳೆಯ ಶಾಸನಗಳು ಎಲ್ಲೆಗಳನ್ನು ಹೇಳುವುದೂ ಹೀಗೆಯೇ: ಮೂಡಲು ನಟ್ಟ ಕಲ್ಲು, ತೆಂಕಲು ಹಿರಿಯ ಆಲ, ಪಡುವಲು ಹೆದ್ದಾರಿ, ಬಡಗಲು ಕೆರೆಯ ಕೋಡಿ. ದೇವರ ಭೂಮಿಗೆ ಲಿಂಗಮುದ್ರೆಯ ಕಲ್ಲನ್ನೂ ಬ್ರಾಹ್ಮಣರ ಭೂಮಿಗೆ ವಾಮನಮುದ್ರೆಯ ಕಲ್ಲನ್ನೂ ನಿಲ್ಲಿಸುತ್ತಿದ್ದರು. ಓದುಬಾರದವನೂ ನೋಡಿ ತಿಳಿಯುವಂತಹ ದಸ್ತಾವೇಜು ಅದು.

ಇಂದಿನ ಪಹಣಿಯಲ್ಲಿ ಸರ್ವೆ ನಂಬರು ಇದೆ, ವಿಸ್ತೀರ್ಣವಿದೆ, ಖರಾಬು ಇದೆ, ಬೆಳೆಯ ಕಾಲಮು ಇದೆ. ಹೊಲದ ಹೆಸರಿಗೆ ಕಾಲಮು ಇಲ್ಲ. ಹಿಂದೆಯೂ ಇರಲಿಲ್ಲವೆನ್ನಿ, ಆದರೆ ಹಿಂದೆ ಆ ಕಾಲಮು ಶಾನುಭೋಗರ ತಲೆಯಲ್ಲಿ ಇದ್ದಿತು. ವಂಶಪಾರಂಪರ್ಯದ ಗ್ರಾಮಾಧಿಕಾರಗಳು 1961ರ ಕಾಯಿದೆಯಿಂದ ರದ್ದಾದುವು. ಅದರಲ್ಲಿ ನ್ಯಾಯವಿದ್ದಿತು, ಆ ಅಧಿಕಾರದ ಕೆಳಗೆ ನವೆದವರ ಮಾತನ್ನು ಕೇಳಿದವರು ಅದಕ್ಕಾಗಿ ಕಣ್ಣೀರಿಡಲಾರರು. ಆದರೂ ಅಧಿಕಾರವನ್ನು ಇಳಿಸಿದಾಗ ಅದರ ಜೊತೆಗಿದ್ದ ನೆನಪನ್ನು ಯಾರೂ ಎತ್ತಿ ಬೇರೆಡೆ ಇಡಲಿಲ್ಲ. 2000ದ ಈಚೆಗೆ ಭೂಮಿ ಯೋಜನೆಯಲ್ಲಿ ಪಹಣಿಗಳೆಲ್ಲ ಗಣಕಯಂತ್ರಕ್ಕೆ ಏರಿದುವು. ರೈತನಿಗೆ ಇದರಿಂದ ಬಹಳ ಅನುಕೂಲವಾಗಿದೆ. ಅಂಕಿಗಳಷ್ಟೇ ಏರಿದುವೆಂಬುದೂ ನಿಜ. ಮಸಾರಿಯಲ್ಲಿಯೂ ಎರೆಯಲ್ಲಿಯೂ ಮೆಕ್ಕೆಜೋಳವೊಂದೇ ಹಬ್ಬಿರುವ ಕಡೆ, ಬದುಗಳನ್ನು ಯಂತ್ರವು ಸವರಿಹಾಕಿರುವ ಕಡೆ, ಹೆಸರು ಹಿಡಿದು ನಿಲ್ಲುವುದಕ್ಕೆ ನೆಲದ ಮೇಲೆಯೂ ಗುರುತು ಉಳಿಯುವುದಿಲ್ಲ.

ನೀಲಗುಂದವನ್ನು ನೋಡಬೇಕೆಂಬ ಮನಸ್ಸಾದ ಶ್ರೋತೃಗಳು ಹಿಂಗಾರಿಯ ಸುಗ್ಗಿ ಮುಗಿದ ಮೇಲೆ ಹೋಗುವುದು ಲೇಸು. ಆಗ ಹೊಲಗಳು ಬರಿದಾಗಿ ನೆಲದ ಏರುತಗ್ಗು ಕಾಣುವುದು, ದಿಣ್ಣೆ ಯಾವುದು ನೀರಿನ ದಾರಿ ಯಾವುದು ಎಂಬುದು ತಿಳಿಯುವುದು. ಭೀಮೇಶ್ವರನ ಗುಡಿಯನ್ನು ಬೆಳಗಿನ ಬಿಸಿಲಿನಲ್ಲಿ ನೋಡಿರಿ. ಕೊರೆತದ ನೆರಳು ಚೆನ್ನಾಗಿ ಬೀಳುವುದು. ಅನಂತರ ಎಪ್ಪತ್ತು ದಾಟಿದ ಯಾರಾದರೂ ಒಬ್ಬ ಹಿರಿಯರನ್ನು ಜೊತೆಗೆ ಕರೆದುಕೊಂಡು ಎಲ್ಲೆಯ ಕಡೆಗೆ ನಡೆಯಿರಿ. ಒಂದು ಸಣ್ಣ ಪುಸ್ತಕವೂ ಸೀಸದ ಕಡ್ಡಿಯೂ ಜೇಬಿನಲ್ಲಿರಲಿ. ಮೊದಲ ಹೊಲದ ಬದುವಿನ ಬಳಿ ನಿಂತು, "ಇದಕ್ಕೆ ಏನಂತಾರೆ, ಯಜಮಾನರೆ?" ಎಂದು ಕೇಳಿರಿ.